ಬೆಳಕಿನ ಲೆಕ್ಕ, ಭಾಗ 7: ನಮ್ಮ ಮುಖಕ್ಕೆ ಎಷ್ಟು ಲೈಟ್ ಬೇಕು?

ಇನ್‌ಬಾಕ್ಸ್‌ನಲ್ಲಿ ಪದೇ ಪದೇ ಬರ್ತಿರೋ ಪ್ರಶ್ನೆ: "4x5 ಇಂಚಿನ ಫಿಲ್ಮ್ ಶೀಟ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಪೋರ್ಟ್ರೇಟ್ ತೆಗೀಬೇಕು, ಯಾವ ಲೈಟ್ ತಗೊಳ್ಳಲಿ?"

ತಗೋಬೇಡಿ. ಬಾಡಿಗೆಗೆ ತನ್ನಿ. ಅದೂ ಮೂರು ಲೈಟಿನ ಕಿಟ್ ಅಲ್ಲ. ಒಂದು ಸ್ಟುಡಿಯೋ ಫ್ಲ್ಯಾಶು, ಒಂದು ದೊಡ್ಡ ಸಾಫ್ಟ್‌ಬಾಕ್ಸು. ಅಷ್ಟೇ.

"ಎಲ್‌ಇಡಿ ಸಾಕಲ್ವಾ ಗುರು?" ರೀಲ್ಸ್‌ಗೆ ಸಾಕು. ಇಲ್ಲಿ ಲೆಕ್ಕ ಬೇರೆ. ದೊಡ್ಡ ಕ್ಯಾಮೆರಾ ಇಟ್ಕೊಂಡು ಮುಖದ ಹತ್ತಿರ ಹೋದ್ರೆ ಕಣ್ಣಿಗೆ ಫೋಕಸ್ ಸಿಕ್ಕಿದಾಗ ಕಿವಿ ಮಸುಕು. ಅದಕ್ಕೆ ಎಫ್/16ರ ತನಕ ಮುಚ್ಚಬೇಕು. ಎಫ್/5.6ರಲ್ಲಿ 1/60 ಸೆಕೆಂಡ್ ಸಾಕಾಗ್ತಿದ್ದ ಬೆಳಕಿಗೆ ಈಗ 1/8 ಸೆಕೆಂಡ್ ಬೇಕು. ಜೊತೆಗೆ 210 ಮಿ.ಮೀ. ಲೆನ್ಸನ್ನ ಫಿಲ್ಮ್‌ನಿಂದ 260 ಮಿ.ಮೀ. ದೂರಕ್ಕೆ ಎಳೆದ್ರೆ ಇನ್ನೂ ಒಂದೂವರೆ ಪಟ್ಟು ಬೆಳಕು ಬೇಕು. ಅಷ್ಟು ಹೊತ್ತು ನಿಮ್ಮ ತಾತ ಅಲುಗಾಡದೆ ಕೂರ್ತಾರಾ?

ಬಿಕಾಂ ಭಾಷೇಲಿ ಹೇಳ್ತೀನಿ. ಫಿಲ್ಮ್ ಶೀಟ್ ವೇರಿಯಬಲ್ ಕಾಸ್ಟ್, ಅಲುಗಾಡಿದ ಪ್ರತಿ ಮುಖ ನೇರ ನಷ್ಟ. ಲೈಟ್ ಕೊಂಡ್ರೆ ಫಿಕ್ಸೆಡ್ ಕಾಸ್ಟ್, ವರ್ಷಕ್ಕೆ ಹತ್ತು ಶೀಟ್ ತೆಗೆಯೋರಿಗೆ ಅದು ದಂಡ. ಮಂಡ್ಯ, ಮದ್ದೂರು, ಮಳವಳ್ಳಿಯ ಮದುವೆ ಫೋಟೋಗ್ರಾಫರ್‌ಗಳನ್ನ ಕೇಳಿ ನೋಡಿ. ಆಷಾಢದಲ್ಲಿ ಮದುವೆ ಇಲ್ಲ, ಫ್ಲ್ಯಾಶ್‌ಗಳು ಸುಮ್ನೆ ಕೂತಿರ್ತವೆ. ಚೌಕಾಸಿ ಮಾಡಿ. ಐಎಸ್ಓ 400 ಫಿಲ್ಮ್ ಹಾಕಿ, ಸಾಫ್ಟ್‌ಬಾಕ್ಸ್ ಹತ್ತಿರ ಇಟ್ರೆ 300 ವ್ಯಾಟ್-ಸೆಕೆಂಡ್ ಫ್ಲ್ಯಾಶಲ್ಲೇ ಸಾಮಾನ್ಯವಾಗಿ ಕೆಲಸ ಆಗುತ್ತೆ. ನಿಮ್ಮ ಲೆನ್ಸ್ ಶಟರ್‌ನಲ್ಲಿ ಫ್ಲ್ಯಾಶ್ ವೈರ್ ಸಿಕ್ಕಿಸೋ ಜಾಗ ಇದ್ಯಾ ಅಂತ ಮೊದಲೇ ನೋಡ್ಕೊಳ್ಳಿ.

ಈಗ ನಿಜವಾದ ಜಗಳ. ನಮ್ಮ ಕಡೆ ಮದುವೆ ಫೋಟೋ ನೋಡಿ. ಎದುರಿಗೆ ಎರಡು ಲೈಟು, ಹುಡುಗಿ ಮುಖ ಸುಣ್ಣ ಬಳಿದ ಗೋಡೆ. "ಸ್ವಲ್ಪ ಬೆಳ್ಳಗೆ ಬರ್ಲಿ ಅಣ್ಣ" ಅಂತ ಮನೆಯವರೇ ಹೇಳ್ತಾರೆ. ಕಬ್ಬಿನ ಗದ್ದೆಯಲ್ಲಿ ಬಿಸಿಲು ಕುಡಿದ ಅಜ್ಜಿ ಮುಖದ ಗೆರೆಗಳೆಲ್ಲ ಮಾಯ. ಅದನ್ನ ಅಳಿಸೋಕೆ ಅಷ್ಟು ದೊಡ್ಡ ನೆಗೆಟಿವ್ ಯಾಕೆ ಬೇಕಿತ್ತು?

ಕಪ್ಪು ಚರ್ಮದ ಆಕಾರ ಕಾಣೋದು ಅದರ ಮೇಲಿನ ಹೊಳಪಲ್ಲಿ. ಸಣ್ಣ ಬಲ್ಬ್ ಇಟ್ರೆ ಹೊಳಪು ಎಣ್ಣೆ ಚುಕ್ಕೆ ಥರ ಕಾಣುತ್ತೆ. ದೊಡ್ಡ ಬೆಳಕು ಪಕ್ಕದಿಂದ ಬಂದ್ರೆ ಕೆನ್ನೆ, ಹಣೆ, ಮೂಗು ಮೆಲ್ಲಗೆ ಎದ್ದು ಬರುತ್ತೆ. ನೆರಳು ತುಂಬಾ ದಟ್ಟ ಅನಿಸಿದ್ರೆ ಇನ್ನೊಂದು ಲೈಟ್ ಬೇಡ, ಆ ಕಡೆ ಒಂದು ಬಿಳಿ ಥರ್ಮಾಕೋಲ್ ಶೀಟ್ ನಿಲ್ಲಿಸಿ. ಮೀಟರನ್ನ ಮುಖಕ್ಕೆ ಗುರಿ ಇಟ್ಟು ಅಳೀಬೇಡಿ, ಅದು ಕಪ್ಪು ಮುಖವನ್ನೂ ನಡುವಿನ ಬೂದಿಗೇ ಎಳೆಯುತ್ತೆ. ಬಿಳಿ ಗುಮ್ಮಟದ ಮೀಟರನ್ನ ಮುಖದ ಪಕ್ಕ ಹಿಡಿದು, ಬೀಳೋ ಬೆಳಕನ್ನ ಅಳೆಯಿರಿ.

ಒಂದೇ ಬೆಳಕು ಬಡತನ ಅನ್ಕೋಬೇಡಿ. ವಿ.ಕೆ. ಮೂರ್ತಿ ಮೈಸೂರಲ್ಲಿ ಹುಟ್ಟಿದವರು, ಗುರುದತ್ ಸಿನಿಮಾಗಳ ಛಾಯಾಗ್ರಾಹಕ, 2008ರ ಫಾಲ್ಕೆ ಪ್ರಶಸ್ತಿ ಪಡೆದವರು. 1959ರ 'ಕಾಗಜ್ ಕೆ ಫೂಲ್'ಗೆ ಅವರು ಕನ್ನಡಿ ಇಟ್ಟು ಬಿಸಿಲನ್ನ ಸ್ಟುಡಿಯೋ ಕತ್ತಲೊಳಗೆ ತಿರುಗಿಸಿದ್ರು. ಆ ಬೆಳಕಿನ ಕೋಲನ್ನ ಜನ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಲೈಟ್ ಆರಿಸೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ಈ ಮುಖವನ್ನ ತೋರಿಸ್ಬೇಕಾ, ಬಿಳಿ ಮಾಡ್ಬೇಕಾ? ಬಿಳಿ ಮಾಡೋದಾದ್ರೆ ಮೊಬೈಲ್ ಫಿಲ್ಟರ್ ಇದೆ, ಶೀಟ್ ಹಾಳು ಮಾಡ್ಬೇಡಿ.

ಒಪ್ಪಲ್ವಾ? ಕಾಮೆಂಟ್‌ಗೆ ಬನ್ನಿ, ಜಗಳ ಆಡೋಣ. ಒಪ್ಪಿದ್ರೆ ಸೇವ್ ಮಾಡಿ, ಆಷಾಢಕ್ಕೆ ಬೇಕಾಗುತ್ತೆ.

#ಬೆಳಕಿನಲೆಕ್ಕ #ಮಂಡ್ಯ #ಮದ್ದೂರು #ಮಳವಳ್ಳಿ #ಕಪ್ಪುಬಿಳುಪು