ಸ್ಪ್ಯಾಮ್ ಕಳಿಸುವವನ ಕನೆಕ್ಷನ್ ಕತ್ತರಿಸೋದು ಯಾರು?

ಕಳೆದ ತಿಂಗಳು ದಾವಣಗೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದ್ರು. "ಲೋ, ಎರಡು ದಿನದಿಂದ ಕೊಟೇಶನ್ ಕಳಿಸ್ತಾ ಇದ್ದೀನಿ, ಎಲ್ಲಾ ವಾಪಸ್ ಬರ್ತಿದೆ. ಏನಾಗಿದೆ ನೋಡೋ." ಅವರದ್ದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ವಾಪಸ್ ಬಂದ ಮೇಲ್ ಓದಿದೆ. ಅವರ ಮೇಲ್ ಹೊರಡುವ ಸರ್ವರ್‌ನ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರಿತ್ತು. ಅದೇ ಸರ್ವರ್ ಹಂಚಿಕೊಂಡಿದ್ದ ಇನ್ಯಾರೋ ರಾಶಿಗಟ್ಟಲೆ ಸ್ಪ್ಯಾಮ್ ಕಳಿಸಿದ್ದ. ತಪ್ಪು ಅವನದ್ದು, ದಂಡ ಚಿಕ್ಕಪ್ಪನಿಗೆ.

ಸ್ಪ್ಯಾಮ್ ಅಂದ್ರೆ ನಮಗೆ ನೆನಪಾಗೋದು ಇನ್‌ಬಾಕ್ಸ್‌ನ ಫಿಲ್ಟರ್. ಆದರೆ ಅದು ಕೊನೆಯ ಬಾಗಿಲು. ಸ್ಪ್ಯಾಮ್ ಹೊರಡುವ ಜಾಗದಲ್ಲೇ ತಡೆಯಬಲ್ಲವರು ಅವನಿಗೆ ಇಂಟರ್ನೆಟ್ ಕೊಟ್ಟಿರುವ ಕಂಪನಿಯವರು.

ಅದು ಹೇಗೆ? ಮೇಲ್ ಯಾವ ಐಪಿಯಿಂದ ಬಂತು ಅನ್ನೋದು ಅದರ ಹೆಡರ್‌ನಲ್ಲಿ ದಾಖಲಾಗಿರುತ್ತೆ. ಆ ಐಪಿ ಯಾವ ಕಂಪನಿಯದ್ದು ಅಂತ ಯಾರು ಬೇಕಾದರೂ ಹುಡುಕಬಹುದು. ಇಂಥ ದೂರುಗಳಿಗಾಗಿ 'ಅಬ್ಯೂಸ್' ಹೆಸರಿನ ಮೇಲ್ ವಿಳಾಸ ಇಟ್ಟುಕೊಳ್ಳಬೇಕು ಅನ್ನೋ ಮಾನದಂಡ 1997ರಿಂದಲೇ ಇದೆ. ದೂರು ಬಂದಾಗ ಕಂಪನಿಯವರು ಲಾಗ್ ನೋಡಿ ಗಿರಾಕಿಯನ್ನು ಗುರುತಿಸುತ್ತಾರೆ. ಮೊದಲು ಎಚ್ಚರಿಕೆ, ಬಗ್ಗದಿದ್ದರೆ ಕನೆಕ್ಷನ್ ಕಟ್.

ಎಷ್ಟೋ ಸಲ ಕಳಿಸಿದವನಿಗೇ ವಿಷಯ ಗೊತ್ತಿರಲ್ಲ, ಅವನ ಕಂಪ್ಯೂಟರ್‌ಗೆ ವೈರಸ್ ಹೊಕ್ಕಿರುತ್ತೆ. ಅದಕ್ಕೇ ಅನೇಕ ಕಂಪನಿಗಳು ಮನೆಯ ಕನೆಕ್ಷನ್‌ಗಳಲ್ಲಿ ಪೋರ್ಟ್ 25 ಅನ್ನು ಮುಚ್ಚಿಬಿಡುತ್ತವೆ. ಆ ದಾರಿಯಲ್ಲಿ ವೈರಸ್ ನೇರವಾಗಿ ಬೇರೆಯವರ ಮೇಲ್ ಸರ್ವರ್‌ಗೆ ಸ್ಪ್ಯಾಮ್ ಸುರಿಯಲಾಗದು. ನಮ್ಮ ಮೇಲ್ ಪಾಸ್‌ವರ್ಡ್ ಕೇಳುವ ಬೇರೆ ಪೋರ್ಟ್‌ಗಳಲ್ಲಿ ಹೋಗೋದರಿಂದ ನಮಗೆ ತೊಂದರೆಯಿಲ್ಲ.

ಇಷ್ಟೆಲ್ಲ ಇದ್ದೂ ಸ್ಪ್ಯಾಮ್ ಯಾಕೆ ನಿಲ್ಲಲ್ಲ? ಸ್ಪ್ಯಾಮರ್ ಕೂಡ ತಿಂಗಳು ತಿಂಗಳು ದುಡ್ಡು ಕಟ್ಟುವ ಗಿರಾಕಿ. ಕೆಲವು ಕಂಪನಿಗಳು ದೂರು ಓದಿಯೂ ಸುಮ್ಮನಿರುತ್ತವೆ. ಅಂಥವರ ಮೇಲೆ ಒತ್ತಡ ಹೇರೋದು 1998ರಲ್ಲಿ ಶುರುವಾದ ಸ್ಪ್ಯಾಮ್‌ಹಾಸ್‌ನಂಥ ಕಪ್ಪುಪಟ್ಟಿಗಳು. ಪಟ್ಟಿಯಲ್ಲಿರುವ ವಿಳಾಸದ ಮೇಲ್‌ಗಳನ್ನು ಅನೇಕ ಸರ್ವರ್‌ಗಳು ತಿರಸ್ಕರಿಸುತ್ತವೆ. ಆಗ ಉಳಿದ ಗಿರಾಕಿಗಳು ಕಂಪನಿಯ ಬೆನ್ನು ಬೀಳುತ್ತಾರೆ.

ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ 2008ರ ನವೆಂಬರ್ 11 ಸಾಕ್ಷಿ. ಅಮೆರಿಕದ ಸ್ಯಾನ್ ಹೊಸೆಯ ಮೆಕೋಲೋ ಅನ್ನೋ ಹೋಸ್ಟಿಂಗ್ ಕಂಪನಿಯ ಸರ್ವರ್‌ಗಳಿಂದ ದೊಡ್ಡ ದೊಡ್ಡ ಸ್ಪ್ಯಾಮ್ ಜಾಲಗಳು ನಡೆಯುತ್ತಿದ್ದವು. ವಾಷಿಂಗ್ಟನ್ ಪೋಸ್ಟ್‌ನ ಬ್ರಯಾನ್ ಕ್ರೆಬ್ಸ್, ಮೆಕೋಲೋಗೆ ಇಂಟರ್ನೆಟ್ ಒದಗಿಸುತ್ತಿದ್ದ ಎರಡು ಕಂಪನಿಗಳ ಮುಂದೆ ಸಾಕ್ಷ್ಯ ಇಟ್ಟರು. ಇಬ್ಬರೂ ಕನೆಕ್ಷನ್ ಕಿತ್ತರು. ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಕುಸಿಯಿತು! ಕೆಲವು ತಿಂಗಳಲ್ಲಿ ಸ್ಪ್ಯಾಮರ್‌ಗಳು ಬೇರೆ ನೆಲೆ ಹುಡುಕಿಕೊಂಡರು ಅನ್ನೋದೂ ನಿಜ. ಕಳೆ ಕಿತ್ತ ಮೇಲೂ ಹೊಲ ನೋಡ್ತಾ ಇರಬೇಕಲ್ಲ.

ಚಿಕ್ಕಪ್ಪನ ಹೋಸ್ಟಿಂಗ್ ಕಂಪನಿ ಆ ಗಿರಾಕಿಯನ್ನು ತೆಗೆದುಹಾಕಿ, ವಿಳಾಸವನ್ನು ಪಟ್ಟಿಯಿಂದ ಬಿಡಿಸಿಕೊಳ್ಳಲು ಮತ್ತೆ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಒಂದು ಶಾಲೆಯ ಡೈರಿ ಆರ್ಡರ್ ಬೇರೆಯವರ ಪಾಲಾಗಿತ್ತು.

ಹಾಗಾಗಿ ಎರಡು ಮಾತು. ಸ್ಪ್ಯಾಮ್ ಬಂದರೆ ಬರೀ ಡಿಲೀಟ್ ಮಾಡಬೇಡಿ, 'ರಿಪೋರ್ಟ್ ಸ್ಪ್ಯಾಮ್' ಒತ್ತಿ. ಹಲವು ಮೇಲ್ ಸೇವೆಗಳು ಆ ದೂರನ್ನು ಕಳಿಸಿದ ಕಡೆಯವರಿಗೂ ಮುಟ್ಟಿಸುತ್ತವೆ. ಇನ್ನು ಹೋಸ್ಟಿಂಗ್ ಕೊಳ್ಳುವಾಗ, ಬೆಲೆ ಕೇಳಿದ ಮೇಲೆ ಇದನ್ನೂ ಕೇಳಿ: "ಸ್ಪ್ಯಾಮ್ ದೂರು ಬಂದರೆ ಎಷ್ಟು ಹೊತ್ತಲ್ಲಿ ಕ್ರಮ ತಗೋತೀರಿ?" ಚಿಕ್ಕಪ್ಪ ಈಗ ಮೊದಲು ಕೇಳೋದೇ ಅದನ್ನ.