ಕ್ಷಯದ ಮಾತ್ರೆ ಜೊತೆ ಬಿ6 ಕೂಡ ಇರಲಿ

ದಾವಣಗೆರೆ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಟಿ.ಬಿ. ಮಾತ್ರೆ ಶುರುವಾದ ದಿನವೇ ರೋಗಿಗೆ ಒಂದು ಮಾತು ಹೇಳುತ್ತಾರೆ: ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ. ಅದು ರಿಫಾಂಪಿಸಿನ್‌ನ ಬಣ್ಣ, ಅದರಿಂದ ತೊಂದರೆಯಿಲ್ಲ. ಆದರೆ ಜೊತೆಯಲ್ಲೇ ಇರುವ ಐಸೋನಿಯಾಜಿಡ್ ಕೆಲವರಿಗೆ ಅಂಗಾಲು ಉರಿಸಬಹುದು, ಕಾಲ್ಬೆರಳಿಗೆ ಜೋಮು ಹಿಡಿಸಬಹುದು ಅನ್ನುವುದನ್ನೂ ಅಷ್ಟೇ ಬಿಡಿಸಿ ಹೇಳಬೇಕಲ್ಲವೇ? ಈ ಪತ್ರ ಅದರ ಬಗ್ಗೆ. ದೂರಲ್ಲ, ಕೋರಿಕೆ.

ನ್ಯಾಮತಿ ಕಡೆ ಇಂಥ ಉರಿಗೆ ಜನ ಕೊಡುವ ಕಾರಣ ಒಂದೇ, "ಮಾತ್ರೆ ಹೀಟು". ಹೀಟಿಗೆ ಎಳನೀರು, ಮಜ್ಜಿಗೆ, ಅಂಗಾಲಿಗೆ ಹರಳೆಣ್ಣೆ. ಆಗಲೂ ತಗ್ಗದಿದ್ದರೆ "ನಾಲ್ಕು ದಿನ ಮಾತ್ರೆ ಬಿಟ್ಟು ನೋಡಾಣ". ನನಗೆ ಭಯ ಈ ನಾಲ್ಕು ದಿನದ್ದೇ. ಬಿಟ್ಟು ಬಿಟ್ಟು ನುಂಗಿದ ಟಿ.ಬಿ. ಔಷಧ ರೋಗಾಣುವನ್ನು ಪಳಗಿಸುತ್ತದೆ, ಆಮೇಲೆ ಅದೇ ಔಷಧಕ್ಕೆ ಅದು ಜಗ್ಗುವುದಿಲ್ಲ. ಸಕ್ಕರೆ ಕಾಯಿಲೆಯವರು "ಶುಗರ್‌ದೇ ಇರ್ಬೇಕು" ಅಂತ ಸುಮ್ಮನಾಗುತ್ತಾರೆ. ಕುಡಿಯುವವರಂತೂ ಬೈಸಿಕೊಳ್ಳಬೇಕಾಗುತ್ತದೆಂದು ಬಾಯಿ ಬಿಡುವುದೇ ಇಲ್ಲ.

ಐಸೋನಿಯಾಜಿಡ್ ಮೈಯಲ್ಲಿರುವ ಬಿ6 ಜೀವಸತ್ವಕ್ಕೆ ಅಂಟಿಕೊಂಡು ಮೂತ್ರದ ದಾರಿಯಲ್ಲಿ ಅದನ್ನು ಹೊರಗೆ ಸಾಗಿಸುತ್ತದೆ. ಉಳಿದದ್ದು ನರಗಳಿಗೆ ಸರಿಯಾಗಿ ಒದಗದಂತೆಯೂ ತಡೆಯುತ್ತದೆ. ಹೊಟ್ಟೆತುಂಬ ಊಟವಿಲ್ಲದವರು, ಗರ್ಭಿಣಿ-ಬಾಣಂತಿಯರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಅಥವಾ ಎಚ್‌ಐವಿ ಇರುವವರು, ಕುಡಿತದವರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೈ ಈ ಔಷಧವನ್ನು ನಿಧಾನವಾಗಿ ಕರಗಿಸುತ್ತದೆ ಅನ್ನುವುದೂ ಸೇರಿಕೊಳ್ಳುತ್ತದೆ. ಇವರಿಗೆಲ್ಲ ತಡೆಗಟ್ಟಲು ಬೇಕಾದದ್ದು ದಿನಕ್ಕೆ 10 ಮಿ.ಗ್ರಾಂ ಪಿರಿಡಾಕ್ಸಿನ್, ಅಂದರೆ ಇದೇ ಬಿ6. ಬೆಲೆ ಲೆಕ್ಕಕ್ಕೇ ಇಲ್ಲದಷ್ಟು ಅಗ್ಗದ ಮಾತ್ರೆ.

ಇದು ನಿನ್ನೆ ಮೊನ್ನೆ ಕಂಡುಕೊಂಡದ್ದಲ್ಲ. ಐಸೋನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಅದಾಗಿ ಎರಡೇ ವರ್ಷಕ್ಕೆ ಬಿ6 ನಂಟು ವೈದ್ಯರಿಗೆ ತಿಳಿದಿತ್ತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್ ತೆಗೆದುಕೊಳ್ಳುತ್ತಿದ್ದವರಿಗೆ ಬರೀ 6 ಮಿ.ಗ್ರಾಂ ಬಿ6 ಕೊಟ್ಟು ನರದ ತೊಂದರೆ ತಡೆದು ತೋರಿಸಿದರು. ಸ್ಯಾನಿಟೋರಿಯಂ ಬೇಕಿಲ್ಲ, ಮನೆಯಲ್ಲೇ ಕ್ಷಯ ವಾಸಿ ಮಾಡಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರೂ ಅವರೇ. ಮನೆಯಲ್ಲೇ ಚಿಕಿತ್ಸೆ ಅಂದಮೇಲೆ ದಿನಾ ಮಂಚದ ಬಳಿ ಬಂದು ಕಾಲು ನೋಡುವ ನರ್ಸ್ ಇರುವುದಿಲ್ಲ. ಆ ಕೆಲಸ ಆಶಾ ಕಾರ್ಯಕರ್ತೆಯ ಹೆಗಲಿಗೆ ಬರುತ್ತದೆ.

ಈಗ ಕೊಡುವ ನಾಲ್ಕು ಔಷಧ ಸೇರಿದ ಮಾತ್ರೆಯಲ್ಲಿ ಬಿ6 ಇಲ್ಲ, ಅದನ್ನು ಬೇರೆಯಾಗಿ ಕೊಡಬೇಕು. ಬೇರೆ ಅಂದಕೂಡಲೇ ಅದು ಮರೆತುಹೋಗುವ ಸಾಮಾನು. ಆದ್ದರಿಂದ ಬೇಕಾದವರಿಗೆಲ್ಲ ಎರಡೂ ಒಂದೇ ಕವರಿನಲ್ಲಿ ಸೇರಿ ಬರುವಂತೆ ದಯವಿಟ್ಟು ಆದೇಶಿಸಿ. ತಿಂಗಳಿಗೊಮ್ಮೆ ಮಾತ್ರೆ ಕೊಡುವಾಗ ಆಶಾ ಅಕ್ಕ ಎರಡು ಪ್ರಶ್ನೆ ಕೇಳಲಿ: ಅಂಗಾಲು ಉರಿಯುತ್ತಾ? ಚಪ್ಪಲಿ ಕಾಲಿಂದ ಜಾರಿಹೋದರೆ ಗೊತ್ತಾಗುತ್ತಾ? ಹೌದು-ಇಲ್ಲ ಎಂಬುದನ್ನು ಚಿಕಿತ್ಸಾ ಕಾರ್ಡಿನಲ್ಲಿ ಬರೆಯಲಿ. ಉರಿ ಈಗಾಗಲೇ ಶುರುವಾಗಿದ್ದರೆ 10 ಮಿ.ಗ್ರಾಂ ಸಾಲದು, ಡೋಸು ವೈದ್ಯರೇ ಹೆಚ್ಚಿಸಬೇಕು.

ಟಿ.ಬಿ. ರೋಗಿಗಳ ಪೋಷಣೆಗೆ ಸರ್ಕಾರ ಕೊಡುವ ದುಡ್ಡು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದ್ದು ಒಳ್ಳೆಯದೇ. ಬಾಳೆಹಣ್ಣು, ಕಡಲೆ, ಮೀನಿನಲ್ಲಿ ಬಿ6 ಇದೆ, ನಿಜ. ಹಾಗಂತ ಮೊದಲೇ ಸೊರಗಿದವರಲ್ಲಿ ಐಸೋನಿಯಾಜಿಡ್ ಕಳೆಯುವುದನ್ನು ಊಟವೊಂದೇ ತುಂಬುತ್ತದೆಂದು ನಂಬಿ ಕೂರಬಾರದು. ಇನ್ನೊಂದು ಕಡೆ, "ನರಕ್ಕೆ ಒಳ್ಳೇದು" ಅಂತ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಮನಸೋ ಇಚ್ಛೆ ನುಂಗುವುದೂ ತಪ್ಪು. ದಿನಕ್ಕೆ ಗ್ರಾಂಗಟ್ಟಲೆ ಬಿ6 ನುಂಗಿದವರಿಗೆ ಅದರಿಂದಲೇ ನರ ಕೆಟ್ಟದ್ದನ್ನು ಅಮೆರಿಕದ ವೈದ್ಯರು 1983ರಲ್ಲೇ ವರದಿ ಮಾಡಿದ್ದಾರೆ. ಔಷಧಕ್ಕೆ ಜಗ್ಗದ ಟಿ.ಬಿ.ಗೆ ಕೊಡುವ ಲಿನೆಜೋಲಿಡ್‌ನಿಂದ ಬರುವ ಕಾಲು ಉರಿಯ ಲೆಕ್ಕವೇ ಬೇರೆ. ಅಲ್ಲಿ ಬಿ6 ನೆಚ್ಚಿಕೊಂಡು ಕಾಯದೆ ರೋಗಿಯನ್ನು ಕೂಡಲೇ ವೈದ್ಯರ ಬಳಿ ಕಳಿಸಬೇಕು.

ಕೊನೆಯದಾಗಿ ನಮ್ಮ ತಾಂಡಾಗಳ ಮಾತು. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವ ಕುಟುಂಬದಲ್ಲಿ ಯಾರಾದರೂ ಆರು ತಿಂಗಳ ಮಾತ್ರೆಯಲ್ಲಿದ್ದರೆ, ಹೊರಡುವ ಮುನ್ನ ಅವರ ಗಂಟಿನಲ್ಲಿ ಎರಡೂ ಮಾತ್ರೆ ಇದೆಯೇ ಎಂದು ನೋಡಿ, ಹೋಗುವ ಊರಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ. ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಇಷ್ಟಾದರೆ ಸಾಕು.

ಇಂತಿ,
ನ್ಯಾಮತಿ ತಾಲ್ಲೂಕಿನ ಒಬ್ಬ ನಿವಾಸಿ