ಮುನಿಸಿಗೊಂದು ಗಡುವು

ಅನ್ಯಾಯಕ್ಕೆ ಒಳಗಾದವನು ದೂರುವುದು ಸಹಜವೆಂದು ಲೋಕ ಒಪ್ಪುತ್ತದೆ. ಆದರೆ ಆ ದೂರನ್ನು ಎದೆಯಲ್ಲಿಟ್ಟು ಸಾಕಿದರೆ ಅದರ ಫಲವನ್ನು ಉಣ್ಣುವವರು ಯಾರು? ಭಗವಾನ್ ಪಾರ್ಶ್ವನಾಥರ ಪೂರ್ವಭವಗಳ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

ಪೋದನಪುರದ ಅರವಿಂದ ಮಹಾರಾಜನ ಮಂತ್ರಿ ಮರುಭೂತಿ. ಅಣ್ಣ ಕಮಠ ಅವನ ಸಂಸಾರಕ್ಕೇ ದ್ರೋಹ ಬಗೆದು, ರಾಜಶಿಕ್ಷೆಗೆ ಗುರಿಯಾಗಿ ಗಡಿಪಾರಾದ. ಆದರೂ ತಮ್ಮ ಅವನನ್ನು ಹುಡುಕಿಕೊಂಡು ಹೋಗಿ ಕಾಲಿಗೆರಗಿದ. ಕಮಠ ಬಂಡೆಯನ್ನೆತ್ತಿ ಅವನ ತಲೆಯ ಮೇಲೆ ಹಾಕಿದ. ಮರುಭೂತಿ ನಿರಪರಾಧಿ; ಆದರೆ ಕೊನೆಯ ಗಳಿಗೆಯಲ್ಲಿ ಅವನ ಮನಸ್ಸು ಆರ್ತಧ್ಯಾನಕ್ಕೆ ಜಾರಿತು. ಆದ್ದರಿಂದ ಮರುಭವದಲ್ಲಿ ಆನೆಯಾಗಿ ಹುಟ್ಟಿದ.

ಮುನಿದೀಕ್ಷೆ ಪಡೆದಿದ್ದ ಅರವಿಂದರನ್ನು ಕಾಡಿನಲ್ಲಿ ಕಂಡಾಗ ಆ ಆನೆಗೆ ಹಿಂದಿನ ಜನ್ಮದ ಸ್ಮರಣೆಯಾಯಿತು. ಅದು ಅಣುವ್ರತಗಳನ್ನು ಹಿಡಿದು ಶಾಂತವಾಗಿ ಬಾಳಿತು. ಒಮ್ಮೆ ನೀರಿಗೆಂದು ಹೋಗಿ ಕೆಸರಿನಲ್ಲಿ ಸಿಲುಕಿದ್ದಾಗ, ಕುಕ್ಕುಟಸರ್ಪವಾಗಿ ಹುಟ್ಟಿದ್ದ ಕಮಠ ಬಂದು ಕಚ್ಚಿದ. ವೈರಿ ಅವನೇ, ಸಾವೂ ಅವನಿಂದಲೇ. ಆದರೆ ಈ ಸಲ ಆನೆಯ ಮನಸ್ಸು ಕದಡಲಿಲ್ಲ. ಅದು ಸಹಸ್ರಾರ ಸ್ವರ್ಗವನ್ನು ಸೇರಿತು. ಕಮಠ ಎಳ್ಳಷ್ಟೂ ಬದಲಾಗಿರಲಿಲ್ಲ. ಆದರೂ ಮರುಭೂತಿಯ ಗತಿ ಬದಲಾಯಿತು.

ಕಷಾಯದ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬುದನ್ನು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ ಲೆಕ್ಕವಿಟ್ಟು ಹೇಳಿದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳ ಒಳಗಿನ ಕಾಲ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ 6 ತಿಂಗಳು. ಅದನ್ನೂ ಮೀರಿ ಭವಭವಗಳಿಗೆ ಹರಿಯುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಕೆಡಿಸುತ್ತದೆ. ಆಸ್ತಿ ಪಾಲಾದಾಗ ಆಡಿದ ಒಂದು ಮಾತಿಗಾಗಿ ಹತ್ತು ವರ್ಷ ಪರಸ್ಪರರ ಹೊಸ್ತಿಲು ತುಳಿಯದ ಒಡಹುಟ್ಟಿದವರು ನಮ್ಮ ನಡುವೆ ಇದ್ದಾರೆ. ಅವರು ಪೂಜೆ, ಉಪವಾಸಗಳನ್ನು ತಪ್ಪಿಸದವರೂ ಆಗಿರಬಹುದು. ಈ ಲೆಕ್ಕದ ಮುಂದೆ ಅವರು ತಮ್ಮ ಮುನಿಸಿನ ವಯಸ್ಸನ್ನು ಎಣಿಸಿ ನೋಡಿಕೊಳ್ಳಬೇಕು.

ಗೃಹಸ್ಥನು ನ್ಯಾಯ ಕೇಳಬಾರದೆಂದು ಇದರ ಅರ್ಥವಲ್ಲ. ಸಲ್ಲಬೇಕಾದುದನ್ನು ಕೇಳುವುದು ಬೇರೆ, ಕಹಿಯನ್ನು ಕಾಯ್ದಿಡುವುದು ಬೇರೆ. ಮೊದಲನೆಯದು ವ್ಯವಹಾರ, ಎರಡನೆಯದು ಕರ್ಮಬಂಧ. ನೋಯಿಸಿದವನು ನಿಮಿತ್ತಮಾತ್ರ, ಉದಯಕ್ಕೆ ಬಂದದ್ದು ನನ್ನದೇ ಕರ್ಮ ಎಂಬ ಅರಿವು ಮೂಡಿದಾಗ ದೂರಿನ ಮೊನೆ ಮೊಂಡಾಗುತ್ತದೆ.

ಆ ಅರಿವು ಒಂದೇ ದಿನದಲ್ಲಿ ಬರುವುದಿಲ್ಲವಾದ್ದರಿಂದ ಪ್ರತಿಕ್ರಮಣದ ಕಟ್ಟಳೆಯಿದೆ. ದಿನದ ಕಹಿಯನ್ನು ದಿನವೇ ತೊಳೆಯಬೇಕು. ಉಳಿದರೆ ಪಾಕ್ಷಿಕ ಪ್ರತಿಕ್ರಮಣದಲ್ಲಿ, ಅದೂ ತಪ್ಪಿದರೆ ಚಾತುರ್ಮಾಸಿಕದಲ್ಲಿ, ಕಡೆಗೆ ಸಾಂವತ್ಸರಿಕದಲ್ಲಿ. ಆದ ನೋವನ್ನು ಮತ್ತೆ ಮತ್ತೆ ಇನ್ನೊಬ್ಬರ ಮುಂದೆ ಹೇಳುವುದಿಲ್ಲವೆಂದು ಒಂದು ಪಕ್ಷದ ಮಟ್ಟಿಗೆ ನಿಯಮ ಹಿಡಿದರೂ ಸಾಕು, ನಾಲಿಗೆಯ ಸಂಯಮ ಮನಸ್ಸಿಗೆ ಇಳಿಯತೊಡಗುತ್ತದೆ. ಕಮಠ ಬದಲಾಗಲೆಂದು ಕಾದಿದ್ದರೆ ಮರುಭೂತಿಯ ಜೀವ ಪಾರ್ಶ್ವನಾಥನಾಗುತ್ತಿರಲಿಲ್ಲ.